ಹೆಂಡತಿಯರ ಮನೆಯಲ್ಲಿ ಎರಡು ದಿನ

ಆಯಿ ಮಿಲಾನ್‌ಗೆ ಬಂದು ಹನ್ನೆರಡು ದಿನ ಆಗಿತ್ತು. ಅಷ್ಟರಲ್ಲಿ ಅವಳಿಗೆ ದೊಡ್ಡ ಚರ್ಚು ತೋರಿಸಿದ್ದೆ, ಕೊಮೊ ಸರೋವರ ತೋರಿಸಿದ್ದೆ, ಒಂದು ಭಾನುವಾರ ಐಕಿಯಾಗೂ ಕರೆದುಕೊಂಡು ಹೋಗಿದ್ದೆ. ಎಲ್ಲದಕ್ಕೂ ಒಂದೇ ಮಾತು, "ಚಂದ ಇದ್ದು." ಆಮೇಲೆ ಮನೆಗೆ ಬಂದು ಬಾಲ್ಕನಿಯಲ್ಲಿ ಕೂತು ಎದುರಿನ ಅಪಾರ್ಟ್‌ಮೆಂಟಿನ ಗೋಡೆ ನೋಡ್ತಾ ಇರ್ತಿದ್ದಳು. ಹದಿಮೂರನೇ ದಿನ ಬೆಳಿಗ್ಗೆ ಚಹಾ ಕುಡೀತಾ ಕೇಳಿದಳು, "ಇಲ್ಲಿ ಸಮುದ್ರ ಇಲ್ವನೇ?"

ಹೊನ್ನಾವರದ ಹೆಂಗಸು ಹನ್ನೆರಡು ದಿನ ಸಮುದ್ರ ನೋಡದೆ ಇದ್ದದ್ದೇ ದೊಡ್ಡದು. ನನಗೆ ಹೊಳೆದಿರಲೇ ಇಲ್ಲ.

ಇಟಲಿಯ ಕಡಲತೀರ ಅಂದರೆ ಎಲ್ಲರ ಬಾಯಲ್ಲಿ ಬರೋದು ಚಿಂಕ್ವೆ ತೆರ್ರೆ. ಬೆಟ್ಟಕ್ಕೆ ಅಂಟಿಕೊಂಡ ಐದು ಬಣ್ಣದ ಊರುಗಳು, ಇನ್‌ಸ್ಟಾಗ್ರಾಮಿನಲ್ಲಿ ನೀವೂ ನೋಡಿರ್ತೀರಿ. ನಾನು ಹೋಗಿದ್ದೇನೆ. ಚಂದದ ಬಗ್ಗೆ ತಕರಾರಿಲ್ಲ, ಆದರೆ ಮೇ ತಿಂಗಳಲ್ಲಿ ಆ ಊರುಗಳ ನಡುವಿನ ರೈಲು ನಮ್ಮ ಮೆಜೆಸ್ಟಿಕ್ಕಿನ ಸಂಜೆ ಬಸ್ಸಿಗಿಂತ ಕಡೆ. ಮೇಲಾಗಿ ಆಯಿಯ ಮಂಡಿ ನೋವು. ಕೊರ್ನೀಲಿಯಾ ಊರಿಗೆ ಸ್ಟೇಷನ್ನಿನಿಂದ ಹತ್ತಲು ಮುನ್ನೂರ ಎಪ್ಪತ್ತಕ್ಕೂ ಹೆಚ್ಚು ಮೆಟ್ಟಿಲಿವೆ. ಆಫೀಸಿನಲ್ಲಿ ಜೆನೊವಾ ಕಡೆಯ ಸಹೋದ್ಯೋಗಿಯೊಬ್ಬಳು, "ಅಮ್ಮನ ಜೊತೆ ಅಂದ್ರೆ ಕಮೋಲ್ಯಿಗೆ ಹೋಗು" ಅಂದಳು. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿದರೆ ನಾವು ಕಮೋಗ್ಲಿ ಅಂತೀವಿ. ಅಲ್ಲಿನವರ ಬಾಯಲ್ಲಿ ಆ 'ಗ' ಇಲ್ಲ.

ಹೆಸರಿನ ಅರ್ಥ ಏನು ಅಂತ ಕೇಳಿದೆ. "ಕಾಸಾ ದೆಲ್ಲೆ ಮೋಲ್ಯಿ, ಹೆಂಡತಿಯರ ಮನೆ ಅಂತಾರೆ. ಗಂಡಸರೆಲ್ಲ ಹಡಗಿನ ಮೇಲೆ ಹೋಗಿ, ಊರಲ್ಲಿ ಹೆಂಡತಿಯರು ಮಾತ್ರ ಉಳೀತಿದ್ರಂತೆ." ಇದು ಜನ ಹೇಳೋ ಅರ್ಥ, ಭಾಷೆ ಬಲ್ಲವರು ಬೇರೆ ಮೂಲಗಳನ್ನೂ ಕೊಡ್ತಾರೆ. ಆದರೆ ನನಗೆ ಅಷ್ಟು ಸಾಕಿತ್ತು. ಟಿಕೆಟ್ ಬುಕ್ ಮಾಡಿದೆ.

ಯಾಕೆ ಅಂದರೆ ನಮ್ಮ ಮನೆಯೂ ಹೆಂಡತಿಯ ಮನೆಯೇ. ಅಪ್ಪ ಇಪ್ಪತ್ನಾಲ್ಕು ವರ್ಷ ವ್ಯಾಪಾರಿ ಹಡಗಿನಲ್ಲಿ ಫಿಟ್ಟರ್ ಆಗಿದ್ದರು. ಒಂಬತ್ತು ತಿಂಗಳು ನೀರಿನ ಮೇಲೆ, ಮೂರು ತಿಂಗಳು ಮನೆ. ಆ ಮೂರು ತಿಂಗಳಲ್ಲಿ ಒಂದು ತಿಂಗಳು ಮುಂಬೈಯಲ್ಲಿ ಕಾಗದಪತ್ರ, ಮೆಡಿಕಲ್ಲು ಅಂತ ಹೋಗ್ತಿತ್ತು. ನನ್ನ ಬಾಲ್ಯದಲ್ಲಿ ಅಪ್ಪ ಅಂದರೆ ಸೂಟ್‌ಕೇಸು, ವಿದೇಶಿ ಸಾಬೂನಿನ ವಾಸನೆ, ಆಮೇಲೆ ಮತ್ತೆ ಸೂಟ್‌ಕೇಸು. ಮೂರು ವರ್ಷದ ಹಿಂದೆ ಅವರು ತೀರಿಕೊಂಡರು. ನಾನು ಅವರ ಜೊತೆ ಸರಿಯಾಗಿ ಮಾತಾಡದೆ ಬಹಳ ವರ್ಷ ಆಗಿತ್ತು. ಜಗಳ ಅಂತ ಏನಿಲ್ಲ. ಫೋನಿನಲ್ಲಿ "ಊಟ ಆಯ್ತಾ, ಆಯ್ತು" ಅಷ್ಟೇ.

ಮಿಲಾನಿನಿಂದ ಜೆನೊವಾಗೆ ಎರಡು ಗಂಟೆಯೊಳಗೆ ರೈಲು. ಅಲ್ಲಿ ಬದಲಿಸಿ ಲೋಕಲ್ ಹಿಡಿದರೆ ಮುಕ್ಕಾಲು ಗಂಟೆಯಲ್ಲಿ ಕಮೋಲ್ಯಿ. ಜೆನೊವಾ ಸ್ಟೇಷನ್ನಿನಲ್ಲಿ ಬೋರ್ಡು ಕಂಡಾಗ ಆಯಿ ಸೀಟಿನಿಂದ ಎದ್ದಳು. "ನಿನ್ನ ಅಪ್ಪ ಇಲ್ಲಿಗೆ ಬಂದಿದ್ರು. ಕಾರ್ಡು ಹಾಕಿದ್ರು, ಲೈಟ್‌ಹೌಸಿನ ಚಿತ್ರ ಇತ್ತು." ಜೆನೊವಾದ ದೀಪಸ್ತಂಭಕ್ಕೆ ಲಾಂತೆರ್ನಾ ಅಂತ ಹೆಸರು, 77 ಮೀಟರ್ ಎತ್ತರ, ಆ ಊರಿನ ಗುರುತೇ ಅದು. ನನಗೆ ಆ ಕಾರ್ಡಿನ ನೆನಪೇ ಇಲ್ಲ. ಆಯಿಗೆ ಮಾತ್ರ ಇಟಲಿ ಅಂದರೆ ಅಷ್ಟು ವರ್ಷವೂ ಆ ಒಂದು ಕಾರ್ಡೇ ಆಗಿತ್ತಂತೆ. ಮುಂದೆ ಸುರಂಗ, ಸಮುದ್ರ, ಸುರಂಗ, ಸಮುದ್ರ. ಪ್ರತಿ ಸಲ ನೀಲಿ ಕಂಡಾಗ ಅವಳು ಕಿಟಕಿಗೆ ಅಂಗೈ ಒತ್ತುತ್ತಿದ್ದಳು.

ಊರು ಚಿಕ್ಕದು. ಐದು ಸಾವಿರ ಜನ ಇರಬಹುದು. ಸ್ಟೇಷನ್ನಿನಿಂದ ಇಳಿದು ಮೆಟ್ಟಿಲ ದಾರಿಯಲ್ಲಿ ಕೆಳಗೆ ಬಂದರೆ ಸಮುದ್ರಕ್ಕೆ ಮುಖ ಮಾಡಿ ಆರೇಳು ಅಂತಸ್ತಿನ ಮನೆಗಳು ಸಾಲಾಗಿ ನಿಂತಿವೆ. ಕಾವಿ, ಹಳದಿ, ಮಾಸಿದ ಗುಲಾಬಿ ಬಣ್ಣಗಳು. ಮೀನು ಹಿಡಿಯಲು ಹೋದವರು ದೂರದಿಂದಲೇ ತಮ್ಮ ಮನೆ ಗುರುತಿಸಲಿ ಅಂತ ಬೇರೆ ಬೇರೆ ಬಣ್ಣ ಹೊಡೀತಿದ್ರು ಅನ್ನೋ ಮಾತಿದೆ. ನನಗೆ ಹಿಡಿಸಿದ್ದು ಬೇರೆ. ಆ ಗೋಡೆಗಳ ಮೇಲಿನ ಎಷ್ಟೋ ಕಿಟಕಿಗಳು ಕಿಟಕಿಗಳೇ ಅಲ್ಲ! ಚೌಕಟ್ಟು, ಹಸಿರು ಬಾಗಿಲು, ಮೇಲಿನ ಕಲ್ಲಿನ ಅಲಂಕಾರ, ಕೊನೆಗೆ ಅದರ ನೆರಳು ಕೂಡ ಬಣ್ಣದಲ್ಲಿ ಬರೆದದ್ದು. ಲಿಗೂರಿಯಾ ಪ್ರಾಂತ್ಯದಲ್ಲೆಲ್ಲ ಈ ಪದ್ಧತಿ ಇದೆ. ಆಯಿಗೆ ಇದೊಂದು ಆಟ ಆಯ್ತು. ದಂಡೆಯ ಕಟ್ಟೆಯ ಮೇಲೆ ಕೂತು ಬೆರಳು ಮಾಡಿ, "ಅದು ಖರೆ, ಅದು ಸುಳ್ಳು, ಅದು ಖರೆ..." ಅಂತ ಎಣಿಸಿದಳು. ಒಂದು 'ಸುಳ್ಳು' ಕಿಟಕಿ ತೆರೆದು ಒಬ್ಬಳು ಅಜ್ಜಿ ಬಟ್ಟೆ ಒಣಗಿಸಿದಾಗ ನಾವಿಬ್ಬರೂ ಬಿದ್ದು ಬಿದ್ದು ನಕ್ಕಿದ್ವಿ.

ಬೀಚಿನ ಬಗ್ಗೆ ಒಂದು ಎಚ್ಚರಿಕೆ. ಮರಳು ಹುಡುಕಬೇಡಿ, ಇಲ್ಲಿರೋದು ಬೆಣಚುಕಲ್ಲು. ಬರಿಗಾಲಲ್ಲಿ ನಡೆದರೆ ಎರಡು ಹೆಜ್ಜೆಗೆ ದೇವರು ಕಾಣಿಸ್ತಾನೆ. ರಬ್ಬರ್ ಚಪ್ಪಲಿ ಇಟ್ಕೊಳ್ಳಿ. ಆಯಿ ಸೀರೆ ಎತ್ತಿ ಕಟ್ಟಿ ಮೊಣಕಾಲವರೆಗೆ ಇಳಿದಳು, ಒಂದು ಬೊಗಸೆ ನೀರು ತಗೊಂಡು ನಾಲಿಗೆಗೆ ಹಚ್ಚಿ, "ನಮ್ಮದಕ್ಕಿಂತ ಉಪ್ಪು ಜಾಸ್ತಿ" ಅಂದಳು. ಮೆಡಿಟರೇನಿಯನ್ನಿಗೆ ಉಪ್ಪು ಜಾಸ್ತಿ ಅನ್ನೋದು ನಿಜ. ನಾನು ಗೂಗಲ್ ಮಾಡಿ ತಿಳ್ಕೊಂಡೆ, ಅವಳು ನಾಲಿಗೆಯಲ್ಲಿ.

ಊಟದ ವಿಷಯ ಬೇಗ ಮುಗಿಸ್ತೀನಿ. ಪಕ್ಕದ ರೆಕ್ಕೊ ಊರಿನ ಚೀಸ್ ಫೊಕಾಚ್ಚ ತಿನ್ನದೆ ಬರಬೇಡಿ. ಎರಡು ತೆಳು ಹಿಟ್ಟಿನ ಹಾಳೆ, ನಡುವೆ ಹಸಿ ಚೀಸು, ಯೀಸ್ಟ್ ಇಲ್ಲ, ಬಿಸಿ ಬಿಸಿ. ಆಯಿಯ ತೀರ್ಪು: "ತೆಳ್ಳೇವಿಗೆ ಬೆಣ್ಣೆ ಹಚ್ಚಿದ ಹಾಗೆ, ಖಾರ ಚಟ್ನಿ ಒಂದು ಬೇಕಿತ್ತು." ಪೆಸ್ತೊ ಅನ್ನೋ ಹಸಿರು ಚಟ್ನಿಯ ವಾಸನೆ ನೋಡಿ, "ಇದು ಕಾಮಕಸ್ತೂರಿ ಎಲೆ ಅಲ್ದನೇ, ಇದನ್ನು ಅರೆದು ತಿಂತಾರಾ?" ಅಂತ ಗಾಬರಿ. ಆದರೆ ಕಾಗದದ ಕೋನಿನಲ್ಲಿ ಕೊಟ್ಟ ಹುರಿದ ಆಂಚೊವಿ ಮೀನು, ನಮ್ಮ ತಾರ್ಲೆಗಿಂತ ಸಣ್ಣದು, ಬಾಲ ಸಮೇತ ಖಾಲಿ ಮಾಡಿದಳು. ಬ್ಯಾಗಿನಿಂದ ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದದ್ದನ್ನು ಅಂಗಡಿಯವನು ನೋಡದ ಹಾಗೆ ನಾನು ಅಡ್ಡ ನಿಂತಿದ್ದೆ.

ಮೀನು ಹುರಿಯೋದರಲ್ಲಿ ಈ ಊರಿನವರದ್ದು ಸಣ್ಣ ಹೆಸರಲ್ಲ. ಪ್ರತಿ ವರ್ಷ ಮೇ ತಿಂಗಳ ಎರಡನೇ ಭಾನುವಾರ ಇಲ್ಲಿ ಮೀನಿನ ಹಬ್ಬ. 1952ರಿಂದ ನಡೀತಿದೆ. ಸುಮಾರು ನಾಲ್ಕು ಮೀಟರ್ ಅಗಲದ, ಉದ್ದ ಹಿಡಿಕೆಯ ಬಾಣಲೆಯಲ್ಲಿ ಬಂದರಿನ ಪಕ್ಕ ಮೀನು ಹುರಿದು ಹಂಚುತ್ತಾರೆ. ಹಿಂದಿನ ರಾತ್ರಿ ಮೀನುಗಾರರ ರಕ್ಷಕ ಸಂತ ಫೊರ್ತುನಾತೊನ ಹೆಸರಲ್ಲಿ ಬೀಚಿನಲ್ಲಿ ದೊಡ್ಡ ದೊಡ್ಡ ಬೆಂಕಿ ಹಾಕ್ತಾರೆ. ನಾವು ಹೋದದ್ದು ಹಬ್ಬ ಮುಗಿದ ಮೇಲೆ. ಗೋಡೆಗೆ ನೇತುಹಾಕಿದ ಹಳೆಯ ಬಾಣಲೆ ನೋಡಿ ಆಯಿ ತಿಕ್ಕಿ ತೊಳೆಯೋರು ಯಾರು ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಚರ್ಚು ಮತ್ತು ಹಳೆ ಕೋಟೆಯ ಬಂಡೆ ದಾಟಿದರೆ ಪುಟ್ಟ ಬಂದರು. ಸಂಜೆ ಐದರ ಹೊತ್ತು. ಒಬ್ಬರು ವಯಸ್ಸಾದ ಮೀನುಗಾರ ಕಟ್ಟೆಯ ಮೇಲೆ ಕೂತು ಕಂದು ಬಣ್ಣದ ದಪ್ಪ ಹಗ್ಗದ ರಾಶಿಯನ್ನು ಬಿಡಿಸ್ತಾ ಇದ್ದರು. ನಾನು ಫೋಟೊ ತೆಗೀತಾ ಮುಂದೆ ಹೋದೆ. ತಿರುಗಿ ನೋಡಿದರೆ ಆಯಿ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತು ಆ ಹಗ್ಗವನ್ನು ಕೈಯಲ್ಲಿ ಹಿಡಿದಿದ್ದಳು.

"ಇದು ಕತ್ತ, ಹೌದಲ್ದನೇ?"

"ಯಾವ ಕತ್ತ ಆಯಿ?"

"ತೆಂಗಿನ ನಾರು ಮಾರಾಯ್ತಿ! ನಮ್ಮ ಕತ್ತದ ಹಗ್ಗ. ನೋಡು, ಮುಟ್ಟಿ ನೋಡು."

ನಾನು ನಂಬಲಿಲ್ಲ. ಇಟಲಿಯ ಈ ದಂಡೆಯಲ್ಲಿ ತೆಂಗಿನ ಮರವೇ ಇಲ್ಲವಲ್ಲ. ಆದರೂ ನನ್ನ ಅರೆಬರೆ ಇಟಾಲಿಯನ್ನಿನಲ್ಲಿ ಕೇಳಿದೆ. ಆ ಹಿರಿಯರು ಮುಖ ಎತ್ತಿ, "ಸೀ, ಸೀ, ಕೊಕ್ಕೊ!" ಅಂದರು. ಆಮೇಲೆ ಅವರು ಹೇಳಿದ್ದು, ನಾನು ಆಮೇಲೆ ಓದಿದ್ದು ಎರಡನ್ನೂ ಸೇರಿಸಿ ಹೇಳ್ತೀನಿ.

ಈ ಬಲೆಗೆ ತೊನ್ನಾರೆಲ್ಲ ಅಂತ ಹೆಸರು. 1600ರ ಕಾಲದಿಂದ ಇಲ್ಲಿ ಬಳಕೆಯಲ್ಲಿದೆ. ಕಮೋಲ್ಯಿಗೂ ಪುಂತಾ ಕ್ಯಾಪ್ಪಾ ಅನ್ನೋ ಕಲ್ಲಿನ ಮೂಗಿಗೂ ನಡುವೆ, ದಡದಿಂದ ಸ್ವಲ್ಪ ದೂರದಲ್ಲಿ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದಲ್ಲಿ ನಿಲ್ಲಿಸಿದ ಬಲೆ. ಮೀನನ್ನು ಅಟ್ಟಿಸಿಕೊಂಡು ಹೋಗೋದಲ್ಲ. ದಂಡೆ ಹಿಡಿದು ಬರೋ ಮೀನು ಬಲೆಯ ಗೋಡೆಗೆ ತಾಗಿ, ತಿರುಗಿ, ತಾನಾಗಿ ಒಳಗಿನ ಕೋಣೆಗೆ ಹೋಗುತ್ತೆ. ದಿನಕ್ಕೆ ಕೆಲವು ಸಲ ಕೈಯಲ್ಲೇ ಎತ್ತುತ್ತಾರೆ. ಮೀನು ಬಂದು ಬೀಳೋ ಕೊನೆಯ ಕೋಣೆ ನೈಲಾನಿನದ್ದು, ಉಳಿದ ಬಲೆಯೆಲ್ಲ ತೆಂಗಿನ ನಾರಿನದ್ದು. ಪ್ರತಿ ಚಳಿಗಾಲ ಹೊಸದಾಗಿ ಕೈಯಲ್ಲಿ ಹೆಣೀತಾರೆ. ನಾರಿನ ಒರಟು ಮೈಗೆ ಪಾಚಿ ಹಿಡಿಯುತ್ತೆ, ಪಾಚಿಗೆ ಮೀನು ಬರುತ್ತೆ. ಸೀಸನ್ ಮುಗಿದ ಮೇಲೆ ನಾರನ್ನು ಕತ್ತರಿಸಿ ಸಮುದ್ರಕ್ಕೇ ಬಿಟ್ಟರೆ ಅದು ಕೊಳೆತು ನೀರಲ್ಲಿ ಸೇರಿಹೋಗುತ್ತೆ. ಸ್ಲೋ ಫುಡ್ ಸಂಸ್ಥೆ ಈ ಪದ್ಧತಿಯನ್ನು ತನ್ನ ಸಂರಕ್ಷಣಾ ಪಟ್ಟಿಗೆ ಸೇರಿಸಿದೆ. 'ಸಸ್ಟೇನಬಲ್' ಅಂತ ನಮ್ಮ ಆಫೀಸಿನಲ್ಲಿ ದಿನಕ್ಕೆ ಹತ್ತು ಸ್ಲೈಡ್ ಮಾಡ್ತೀವಲ್ಲ, ಅದಕ್ಕೆ ಇವರಲ್ಲಿ ಬೇರೆ ಪದ ಇದ್ದಂತೆ ಕಾಣಲಿಲ್ಲ.

ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳೋಷ್ಟರಲ್ಲಿ ಆಯಿಗೆ ಕೇಳೋ ವ್ಯವಧಾನ ಇರಲಿಲ್ಲ. ಅವಳು ಎರಡು ಎಳೆ ಬಿಡಿಸಿ, ತೊಡೆಯ ಮೇಲೆ ಸೀರೆ ಬಿಗಿ ಮಾಡಿಕೊಂಡು, ಅಂಗೈಯಲ್ಲಿ ಸರ್ರನೆ ಹೊಸೆದು, ತಿರುವಿ, ಒಂದು ಗೇಣು ಹಗ್ಗ ಮಾಡಿ ಆ ಹಿರಿಯರ ಕೈಗೆ ಕೊಟ್ಟಳು. ಅವರು ಎಳೆದು ನೋಡಿದರು. ಇನ್ನೊಮ್ಮೆ ಎಳೆದರು. "ಬ್ರಾವಾ, ಸಿನ್ಯೋರಾ" ಅಂದರು. ಆಯಿ ನನ್ನ ಕಡೆ ನೋಡಿ, "ಎಂತ ಹೇಳಿದ್ರು?" ಅಂದಳು. "ಭೇಷ್ ಅಂದ್ರು." ಅವಳ ಮುಖ ನೋಡಬೇಕಿತ್ತು. ನಾನು ಅವಳನ್ನು ಮಿಲಾನಿನ ಅತಿ ದುಬಾರಿ ಬೀದಿಯಲ್ಲಿ ನಿಲ್ಲಿಸಿ ಫೋಟೊ ತೆಗೆದಾಗಲೂ ಆ ಮುಖ ಬಂದಿರಲಿಲ್ಲ.

ಹೊರಡುವಾಗ ಅವರು ಒಂದು ಹಿಡಿ ನಾರು ಕೊಟ್ಟರು. ಆಯಿ ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಂಡಳು. "ಅಜ್ಜಿ ಇದ್ದಾಗ ಮನೆ ತುಂಬ ಇದೇ ಕೆಲಸ. ನಿನ್ನ ಅಪ್ಪ ಹೋದ ತಿಂಗಳು ದುಡ್ಡು ಬರೋದು ತಡ ಆದ್ರೆ ಇದೇ ಹೊಸೆದು ಮಾರ್ತಿದ್ವಿ." ಅಪ್ಪ ಹಡಗಿನಲ್ಲಿ ದುಡಿಯೋ ಮನೆಯಲ್ಲಿ ಹಗ್ಗ ಹೊಸೆದು ಮಾರ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ.

ಮರುದಿನ ದೋಣಿಯಲ್ಲಿ ಸಾನ್ ಫ್ರುತ್ತುವೋಜೊಗೆ ಹೋದ್ವಿ. ಕಮೋಲ್ಯಿಗೆ ಹೋದವರು ಇದನ್ನು ಬಿಡಲೇಬಾರದು. ಪೊರ್ತೊಫಿನೊ ಬೆಟ್ಟದ ಮಡಿಲಲ್ಲಿರೋ ಪುಟ್ಟ ಕೊಲ್ಲಿ. ರಸ್ತೆ ಇಲ್ಲ. ಒಂದೋ ದೋಣಿ, ಇಲ್ಲ ನಡಿಗೆ. ನಡೆಯೋ ಶಕ್ತಿ ಇರೋರಿಗೆ ಸಾನ್ ರೊಕ್ಕೊ ಮೇಲಿಂದ ಹೋಗೋ ದಾರಿ ಇದೆ. ಕೆಲವು ಕಡೆ ಬಂಡೆಗೆ ಹಾಕಿದ ಸರಪಳಿ ಹಿಡಿದು ದಾಟಬೇಕು, ಸಲೀಸಲ್ಲ. ನಮಗೆ ದೋಣಿಯೇ ಗತಿ, ಅರ್ಧ ಗಂಟೆ. ಅಲೆ ಜೋರಿದ್ದರೆ ದೋಣಿ ಬಿಡೋದಿಲ್ಲ, ಬೆಳಿಗ್ಗೆಯೇ ವಿಚಾರಿಸಿಕೊಳ್ಳಿ.

ತಿರುವು ದಾಟಿದ ಕೂಡಲೇ ನೀರಿನ ಅಂಚಿಗೇ ಕಮಾನುಗಳನ್ನು ಊರಿ ನಿಂತ ಸಾವಿರ ವರ್ಷ ಹಳೆಯ ಮಠ ಕಾಣುತ್ತೆ. ಮುಂದೆ ಒಂದು ಅಂಗಳದಷ್ಟು ಬೀಚು, ಹಿಂದೆ ಕಡಿದಾದ ಕಾಡು. ಜೆನೊವಾದ ದೋರಿಯಾ ಮನೆತನದವರ ಸಮಾಧಿಗಳು ಒಳಗಿವೆ. 1983ರಲ್ಲಿ ಆ ಮನೆತನ ಇದನ್ನು ಇಟಲಿಯ ಪರಂಪರೆ ಕಾಯುವ ಎಫ್‌ಎಐ ಸಂಸ್ಥೆಗೆ ಕೊಟ್ಟಿತು.

ಆ ದೊಡ್ಡವರ ಸಮಾಧಿಗಳ ಜೊತೆ ಒಬ್ಬಳು ಬಡ ಹೆಂಗಸನ್ನೂ ಇಟ್ಟಿದ್ದಾರೆ. ಮರಿಯಾ ಅವೆನ್ಯೊ. 1855ರ ಏಪ್ರಿಲ್‌ನಲ್ಲಿ ಕ್ರೈಮಿಯಾ ಯುದ್ಧಕ್ಕೆ ಸೈನಿಕರನ್ನು ಒಯ್ಯುತ್ತಿದ್ದ ಕ್ರೀಸಸ್ ಅನ್ನೋ ಇಂಗ್ಲಿಷ್ ಹಡಗಿಗೆ ಈ ಕೊಲ್ಲಿಯ ಹತ್ತಿರ ಬೆಂಕಿ ಬಿತ್ತು. ಮರಿಯಾ ಮತ್ತು ಅವಳ ತಂಗಿ ದೋಣಿ ಹುಟ್ಟುಹಾಕಿ ಹೋಗಿ ಸೈನಿಕರನ್ನು ದಡಕ್ಕೆ ತಂದರು. ಪ್ರಾಣಭಯದಲ್ಲಿ ಎಲ್ಲರೂ ದೋಣಿಗೆ ಜೋತುಬಿದ್ದಾಗ ದೋಣಿ ಮಗುಚಿ ಮರಿಯಾ ಮುಳುಗಿದಳು. ಇದನ್ನು ಹೇಳಿದಾಗ ಆಯಿ ಕೇಳಿದ್ದು ಒಂದೇ ಪ್ರಶ್ನೆ: "ಅವಳಿಗೆ ಮಕ್ಕಳಿದ್ವಾ?" ಇದ್ದವು ಅಂದೆ. ಕೈಮುಗಿದಳು.

ಈ ಕೊಲ್ಲಿಯ ನೀರಿನ ಅಡಿಯಲ್ಲೂ ಒಬ್ಬ ನಿಂತಿದ್ದಾನೆ. ಸುಮಾರು 17 ಮೀಟರ್ ಆಳದಲ್ಲಿ, ಎರಡೂವರೆ ಮೀಟರ್ ಎತ್ತರದ ಕಂಚಿನ ಕ್ರಿಸ್ತ. ಗುಯಿದೊ ಗಲ್ಲೆತ್ತಿ ಮಾಡಿದ ಮೂರ್ತಿಯನ್ನು 1954ರ ಆಗಸ್ಟ್‌ನಲ್ಲಿ ಇಳಿಸಿದರು. ಇದೇ ನೀರಲ್ಲಿ 1947ರಲ್ಲಿ ಸತ್ತ ದಾರಿಯೊ ಗೊನ್ಸಾತ್ತಿ ಅನ್ನೋ ಮುಳುಗುಗಾರನ ನೆನಪಿಗೆ ಅವನ ಗೆಳೆಯ ದುಯಿಲಿಯೊ ಮರ್ಕಾಂತೆ ಹಾಕಿದ ಯೋಜನೆ ಅದು. ಜನ ಕೊಟ್ಟ ಪದಕ, ಗಂಟೆ, ಹಡಗಿನ ಲೋಹದ ಚೂರು ಎಲ್ಲ ಕರಗಿಸಿ ಎರಕ ಹೊಯ್ದರಂತೆ. ಡೈವಿಂಗ್ ಗೊತ್ತಿರೋ ಸ್ನೇಹಿತರಿಗೆ ಇದೇ ಒಂದು ಕಾರಣ ಸಾಕು ಇಲ್ಲಿಗೆ ಬರಲು. ಫೋನಿನಲ್ಲಿ ಫೋಟೊ ತೋರಿಸಿದೆ. ಎರಡೂ ಕೈ ಮೇಲಕ್ಕೆ ಎತ್ತಿದ್ದಾನೆ. "ಎತ್ತಿಕೊಳ್ಳಿ ಅನ್ನೋ ಮಗು ಥರ ಇದ್ದ" ಅಂದಳು ಆಯಿ.

ಮಠದ ಪಕ್ಕದಲ್ಲಿ ಸ್ವಲ್ಪ ಮೇಲೆ ಒಂದು ಚೌಕ ಗೋಪುರ ಇದೆ. ಅದರ ನೆರಳಲ್ಲಿ ಅವಲಕ್ಕಿ ಡಬ್ಬಿ ಬಿಚ್ಚಿದ್ವಿ. ಇದೆಂತದ್ದು ಅಂದಳು. 1562ರಲ್ಲಿ ದೋರಿಯಾದವರು ಕಟ್ಟಿಸಿದ್ದು, ಆಫ್ರಿಕಾ ಕಡೆಯಿಂದ ಕಡಲುಗಳ್ಳರು ಬರ್ತಿದ್ರು, ಅವರಿಂದ ಊರು ಕಾಯೋದಕ್ಕೆ ಅಂದೆ. ಆಯಿ ತಿನ್ನೋದು ನಿಲ್ಲಿಸಿದಳು.

"ಆಗ್ಲೂ ಆಫ್ರಿಕಾದವರೇ?"

"ಆಗ್ಲೂ ಅಂದ್ರೆ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಯಾವುದೋ ದಿನಸಿ ಲೆಕ್ಕ ಹೇಳೋ ಧ್ವನಿಯಲ್ಲಿ ಹೇಳಿದಳು. 2010ರ ಜನವರಿ. ಟಿವಿಯಲ್ಲಿ ದಿನವೂ ಸೊಮಾಲಿಯಾ ಕಡಲುಗಳ್ಳರ ಸುದ್ದಿ. ಅಪ್ಪನ ಹಡಗು ಅಡೆನ್ ಕೊಲ್ಲಿ ದಾಟಬೇಕಿತ್ತು. ಎಂಟು ದಿನ ಫೋನ್ ಇಲ್ಲ. ಮುಂಬೈಯ ಏಜೆಂಟರ ಆಫೀಸಿಗೆ ಫೋನ್ ಮಾಡಿದರೆ 'ತಿಳಿದರೆ ಹೇಳ್ತೀವಿ' ಅಂತಾರೆ. ನಾನು ಆಗ ಸೆಕೆಂಡ್ ಪಿಯುಸಿ, ಸಿಇಟಿ ಕೋಚಿಂಗಿಗೆ ಅಂತ ಚಿಕ್ಕಮ್ಮನ ಮನೆಯಲ್ಲಿದ್ದೆ. ನನಗೆ ಹೇಳಲಿಲ್ಲ. ಅಜ್ಜಿಗೂ ಹೇಳಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಬಸ್ಸು ಹತ್ತಿ ಒಬ್ಬಳೇ ಇಡಗುಂಜಿಗೆ ಹೋಗಿ ಗಣಪತಿಯ ಎದುರು ನಿಂತು ಹೇಳಿಕೊಂಡಳು. ಇದೊಂದು ಸಲ ಮನೆ ಮುಟ್ಟಿಸು, ಮತ್ತೆ ಅವರನ್ನು ನೀರಿಗೆ ಕಳಿಸೋದಿಲ್ಲ.

ಅಂದು ರಾತ್ರಿ ಫೋನ್ ಬಂತು. ಏನೂ ಆಗಿರಲಿಲ್ಲ. ಮಾರ್ಚ್‌ನಲ್ಲಿ ಅಪ್ಪ ಸೈನ್ ಆಫ್ ಆಗಿ ಮನೆಗೆ ಬಂದರು.

"ಬಂದವ್ರೇ ಹೇಳಿದ್ರು, ಸಾಕಾಯ್ತು ಕಣೇ, ಇನ್ನು ಹೋಗೂದಿಲ್ಲ, ಹೊನ್ನಾವರದಲ್ಲಿ ಒಂದು ವೆಲ್ಡಿಂಗ್ ಅಂಗಡಿ ಹಾಕ್ತೆ ಅಂತ. ಜಾಗ ಸಹ ನೋಡಿದ್ರು, ಬಸ್‌ಸ್ಟ್ಯಾಂಡಿನ ಹತ್ರ."

"ಮತ್ತೆ?"

"ಮತ್ತೆಂತ. ನಿನ್ನ ರಿಸಲ್ಟ್ ಬಂತು. ಬೆಂಗ್ಳೂರಲ್ಲಿ ಸೀಟು. ಫೀಸು, ಹಾಸ್ಟೆಲ್ಲು, ಲ್ಯಾಪ್‌ಟಾಪು. ಮನೆ ಸಾಲ ಬೇರೆ ಇತ್ತು. ನಾನೇ ಹೇಳ್ದೆ, ಇನ್ನು ನಾಲ್ಕು ವರ್ಷ ಹೋಗಿ ಬನ್ನಿ ಅಂತ. ಅವ್ರಿಗೆ ಮನಸ್ಸಿರ್ಲಿಲ್ಲ. ಮೂರು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಆಮೇಲೆ ಹೋದ್ರು."

ಆ ನಾಲ್ಕು ವರ್ಷದ ನಡುವೆ, 2012ರಲ್ಲಿ ಅಜ್ಜಿ ತೀರಿಕೊಂಡಳು. ಅಪ್ಪ ಬ್ರೆಜಿಲ್ ಕಡೆ ಎಲ್ಲೋ ಇದ್ದರು. ಬರಲಿಲ್ಲ. ಹನ್ನೊಂದನೇ ದಿನ ಫೋನ್ ಮಾಡಿದಾಗ ನಾನು ಫೋನ್ ಕಿತ್ತುಕೊಂಡು, "ನಿಂಗೆ ಹಡಗೇ ಸಂಸಾರ, ನಾವೆಲ್ಲ ಎಂತಕ್ಕೆ ಬೇಕು" ಅಂತ ಕೂಗಿದ್ದೆ. ಆ ಕಡೆ ಅಪ್ಪ ಏನೂ ಹೇಳಲಿಲ್ಲ. ಲೈನಿನಲ್ಲಿ ಗಾಳಿಯ ಸದ್ದು ಮಾತ್ರ ಕೇಳ್ತಿತ್ತು. ಆಯಿಯೂ ಪಕ್ಕದಲ್ಲೇ ನಿಂತಿದ್ದಳು, ಅವಳೂ ಏನೂ ಹೇಳಲಿಲ್ಲ. ಆಮೇಲೆ ಹತ್ತು ವರ್ಷ ನಾನು ಗೆಳತಿಯರಿಗೆಲ್ಲ ಹೇಳಿಕೊಂಡು ಬಂದದ್ದು ಒಂದೇ ಕಥೆ, ನಮ್ಮ ಅಪ್ಪನಿಗೆ ಮನೆಗಿಂತ ಸಮುದ್ರ ಇಷ್ಟ ಅಂತ.

"ಅವತ್ತು ಯಾಕೆ ಹೇಳಲಿಲ್ಲ ಆಯಿ?"

"ಹೇಳಿದ್ರೆ ನೀನು ಓದ್ತಿದ್ಯಾ? ಅವ್ರೇ ಬೇಡ ಅಂದ್ರು. ಮಗಳಿಗೆ ಹೇಳೂದು ಬೇಡ, ಬೈದ್ರೆ ಬೈಲಿ ಅಂದ್ರು."

ಕೆಳಗೆ ಬೀಚಿನಲ್ಲಿ ಒಂದು ಮಗು ಬೆಣಚುಕಲ್ಲುಗಳನ್ನು ಒಂದೊಂದಾಗಿ ನೀರಿಗೆ ಎಸೀತಿತ್ತು. ದೋಣಿಗೆ ಇನ್ನೂ ನಲವತ್ತು ನಿಮಿಷ ಇತ್ತು. ನಾನು ಎದ್ದು ಹೋಗಿ ಕಾಲು ನೀರಿಗೆ ಬಿಟ್ಟು ಕೂತೆ. ಆಯಿ ಹಿಂದಿನಿಂದ ಬರಲಿಲ್ಲ, ಕರೆಯಲೂ ಇಲ್ಲ. ಡಬ್ಬಿ ತೊಳೆದು, ಒರೆಸಿ, ಬ್ಯಾಗಿಗೆ ಹಾಕಿ ಕಾಯ್ತಾ ಕೂತಿದ್ದಳು. ಕಾಯೋದು ಅವಳಿಗೆ ಚೆನ್ನಾಗಿ ಗೊತ್ತು.

ಮಧ್ಯಾಹ್ನ ರೂಮಿಗೆ ಹೋಗಿ ಮಲಗೋಣ ಅಂದುಕೊಂಡಿದ್ದೆ. ನಿನ್ನೆ ಊರಿನ ಮ್ಯಾಪು ತೋರಿಸುವಾಗ ಬೊಸ್ಕೆತ್ತೊ ಅನ್ನೋ ಮಾತೆಯ ಗುಡಿಯ ಬಗ್ಗೆ ಹೇಳಿದ್ದೆ, ಅದನ್ನು ಆಯಿ ನೆನಪಿಟ್ಟುಕೊಂಡಿದ್ದಳು. "ಆ ಹರಕೆ ಚಿತ್ರದ ದೇವಸ್ಥಾನ ಇದ್ದಂತಲ್ಲ, ಅಲ್ಲಿಗೆ ಹೋಪ."

1518ರ ಜುಲೈ 2ರಂದು ಆಂಜೆಲಾ ಸ್ಕ್ಯಾಫಿನೊ ಅನ್ನೋ ಹುಡುಗಿಗೆ ಇಲ್ಲಿ ಮೇರಿ ಮಾತೆ ಕಾಣಿಸಿಕೊಂಡಳು ಅನ್ನೋದು ಇಲ್ಲಿನವರ ನಂಬಿಕೆ. ಗುಡಿಗೆ ಸೇರಿದ ಅಂಗಳದ ಸುತ್ತಿನ ಪಡಸಾಲೆಯಲ್ಲಿ ಗೋಡೆ ತುಂಬ ಚಿತ್ರಗಳು. ಎಲ್ಲದರಲ್ಲೂ ಸಮುದ್ರ. ಮನೆಯಷ್ಟೆತ್ತರದ ಅಲೆ, ಮುರಿದ ಕೂವೆಮರ, ವಾಲಿದ ಹಡಗು, ಮೂಲೆಯಲ್ಲಿ ಮೋಡದ ನಡುವೆ ಪುಟ್ಟದಾಗಿ ಮಾತೆ. ಬದುಕಿ ಬಂದವರು ಹರಕೆ ತೀರಿಸಲು ಬರೆಸಿ ತಂದುಕೊಟ್ಟದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಸಾವಿರ ಬಿಳಿ ಹಾಯಿಗಳ ಊರು ಅಂತ ಕರೀತಿದ್ದರು. ಹಡಗು ಮುಳುಗಿದರೆ ಒಬ್ಬನೇ ದಿವಾಳಿಯಾಗಬಾರದು ಅಂತ 1853ರಲ್ಲಿ ಊರಿನವರೇ ಸೇರಿ ಪರಸ್ಪರ ವಿಮೆಯ ಸಂಘ ಮಾಡಿಕೊಂಡಿದ್ದರು. ಹಡಗುಗಳ ಕಥೆ ಇನ್ನೂ ಬೇಕು ಅನ್ನೋರಿಗೆ ಊರಿನಲ್ಲಿ ಜೊ ಬೊನೊ ಫೆರ್ರಾರಿ ಹೆಸರಿನ ನಾವಿಕ ಮ್ಯೂಸಿಯಂ ಇದೆ. ತೆರೆದಿರೋ ಹೊತ್ತು ಮೊದಲೇ ನೋಡಿಕೊಳ್ಳಿ, ನಾವು ಹೋದಾಗ ಬಾಗಿಲು ಹಾಕಿತ್ತು.

ಆಯಿ ಒಂದೊಂದು ಚಿತ್ರದ ಮುಂದೂ ನಿಂತಳು. ಚಪ್ಪಲಿ ಹೊರಗೇ ಬಿಟ್ಟಿದ್ದಳು, ನಾನು ಬೇಡ ಅಂದರೂ ಕೇಳಲಿಲ್ಲ. ಸುತ್ತು ಮುಗಿದ ಮೇಲೆ ಕೇಳಿದಳು.

"ಎಲ್ಲ ಹರಕೆ ತೀರಿಸಿದವರದ್ದೇ. ತಪ್ಪಿದವರದ್ದು ಇಲ್ಲ, ಅಲ್ದಾ?"

ನಾನು ಏನು ಹೇಳಲಿ? "ಅಂಥ ಚಿತ್ರ ಯಾರು ಬರೆಸ್ತಾರೆ ಆಯಿ" ಅಂದೆ. ತಲೆ ಆಡಿಸಿದಳು. ಮೇಣದಬತ್ತಿಯ ಪೆಟ್ಟಿಗೆಗೆ ನನ್ನ ಕೈಯಿಂದ ಒಂದು ಯೂರೊ ಇಸಿದುಕೊಂಡು ಹಾಕಿ ಒಂದು ಬತ್ತಿ ಹಚ್ಚಿದಳು. ಸ್ವಲ್ಪ ತಡೆದು ಇನ್ನೊಂದು ಯೂರೊ ಕೇಳಿದಳು. ಎರಡನೆಯದನ್ನು ನನ್ನ ಕೈಯಲ್ಲಿ ಹಚ್ಚಿಸಿದಳು.

ಆಗಸ್ಟ್ ಮೊದಲ ಭಾನುವಾರ ಇಲ್ಲಿ ಸ್ತೆಲ್ಲಾ ಮಾರಿಸ್, ಅಂದರೆ ಸಮುದ್ರದ ನಕ್ಷತ್ರ ಅನ್ನೋ ಹಬ್ಬ. ಹಗಲು ದೋಣಿಗಳ ಮೆರವಣಿಗೆ ಪುಂತಾ ಕ್ಯಾಪ್ಪಾವರೆಗೆ ಹೋಗುತ್ತೆ, ರಾತ್ರಿ ಸಾವಿರಾರು ಪುಟ್ಟ ದೀಪಗಳನ್ನು ನೀರಿಗೆ ಬಿಡ್ತಾರೆ. ನೂಲುಹುಣ್ಣಿಮೆಗೆ ನಮ್ಮ ಕಡೆ ಸಮುದ್ರಕ್ಕೆ ತೆಂಗಿನಕಾಯಿ ಬಿಡೋದು ನೆನಪಾಯಿತು. ಆ ಹೊತ್ತಿಗೆ ಆಯಿಯ ವೀಸಾ ಮುಗಿದಿರುತ್ತೆ. ರಜೆ ಹೊಂದಿಸಿಕೊಳ್ಳೋರು ಆ ವಾರಕ್ಕೇ ಬುಕ್ ಮಾಡಿ, ರೂಮು ಬೇಗ ತುಂಬುತ್ತೆ.

ಸಂಜೆಯ ರೈಲು ಖಾಲಿ ಇತ್ತು. ಆಯಿ ಕರವಸ್ತ್ರ ಬಿಚ್ಚಿ ನಾರು ತೆಗೆದು ಹೊಸೆಯಲು ಶುರು ಮಾಡಿದಳು. ಎದುರಿಗೆ ಕೂತ ಹುಡುಗ ಇಯರ್‌ಫೋನ್ ತೆಗೆದು ನೋಡ್ತಾ ಕೂತ. ಮುಂಬೈ ಏರ್‌ಪೋರ್ಟಿನಲ್ಲಿ ಅವಳ ಸೂಟ್‌ಕೇಸಿನ ಹಿಡಿಕೆ ಮುರಿದಿತ್ತು, ಹೊಸದು ತಗೋಣ ಅಂತ ನಾನು ಎರಡು ವಾರದಿಂದ ಹೇಳ್ತಾ ಇದ್ದೆ. ಅದು ಅಪ್ಪನ ಹಳೆಯ ನೀಲಿ ಸೂಟ್‌ಕೇಸು, ಬದಿಯಲ್ಲಿ ಇನ್ನೂ ಯಾವುದೋ ಬಂದರಿನ ಸ್ಟಿಕ್ಕರಿನ ಅರ್ಧ ಉಳಿದಿದೆ.

ಜೆನೊವಾ ಬಂದಾಗ ನಾನು ಕೇಳಿದೆ, "ಆ ಲೈಟ್‌ಹೌಸಿನ ಕಾರ್ಡು ಈಗ ಎಲ್ಲಿದೆ?"

"ನಿನ್ನ ಮಾರ್ಕ್ಸ್ ಕಾರ್ಡಿನ ಫೈಲಲ್ಲಿ" ಅಂದಳು, ಕೈಯಲ್ಲಿನ ಎಳೆಯಿಂದ ಕಣ್ಣು ತೆಗೆಯದೆ. "ಈ ತುದಿ ಹಿಡ್ಕೊ, ಗಟ್ಟಿ ಹಿಡ್ಕೊ."

ನಾನು ಹಿಡಿದುಕೊಂಡೆ. ಅವಳು ಇನ್ನೊಂದು ತುದಿ ತಿರುವುತ್ತಾ ಹೋದಳು.